ಒಂದು ಅಡಿಗೆ ಒಂದು ನೂಲು: ಹಿಲ್ಸ್‌ಬರೋ ಕೋರ್ಟಿನ ಮಾದರಿ ಕಟ್ಟಿದ ಲೆಕ್ಕ

ಅಪ್ಪನ ಎತ್ತರ ಐದೂವರೆ ಅಡಿ. ನನ್ನ ಮಾದರಿಯಲ್ಲಿ ಅವರು ಐದೂವರೆ ನೂಲು. ನಮ್ಮ ಕಡೆ ಬಡಗಿಗಳು ಇಂಚನ್ನು ಎಂಟು ಪಾಲು ಮಾಡಿ ಒಂದೊಂದನ್ನು ನೂಲು ಅಂತಾರೆ, ಅಲ್ವಾ? ಅಮೆರಿಕದ ಕಟ್ಟಡ ನಕ್ಷೆಗಳಲ್ಲೂ ಅದೇ ಲೆಕ್ಕ ಬಹಳ ಬಳಕೆಯಲ್ಲಿದೆ. ಒಂದು ಅಡಿಗೆ ಇಂಚಿನ ಎಂಟನೇ ಒಂದು ಪಾಲು. ಅಂದರೆ ನಿಜವಾದ ಕಟ್ಟಡದ 96ನೇ ಒಂದು ಭಾಗ. ಈ ಅಳತೆಯಲ್ಲಿ ಬಾಗಿಲು, ಕಿಟಕಿ ಎಲ್ಲ ಕಣ್ಣಿಗೆ ಕಾಣುತ್ತವೆ, ಮಾದರಿ ಊಟದ ಮೇಜಿನ ಮೇಲೂ ಕೂರುತ್ತದೆ.

ಕಟ್ಟಿದ್ದು ಟೆಕ್ಸಸ್‌ನ ಹಿಲ್ ಕೌಂಟಿಯ ಕೋರ್ಟು. ಊರು ಹಿಲ್ಸ್‌ಬರೋ. ನಾವಿರುವ ಡಾಲಸ್‌ನಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ದಾರಿ. ಡಾಲಸ್‌ನಿಂದ ಬರುವ ಹೆದ್ದಾರಿ, ಫೋರ್ಟ್ ವರ್ತ್‌ನಿಂದ ಬರುವ ಹೆದ್ದಾರಿ ಎರಡೂ ಸೇರಿ ಒಂದಾಗುವ ಜಾಗ ಅದು. ಆಸ್ಟಿನ್‌ಗೆ ಹೋಗುವವರು ಅಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಓಡುತ್ತಾರೆ. ನಾವೂ ಏಳು ವರ್ಷ ಹಾಗೇ ಮಾಡಿದ್ದೆವು. ಈ ಸಲ ಅಪ್ಪ ಬಂದಿದ್ದರು. ಹಾಸನ ಕಡೆಯ ತಾಲ್ಲೂಕು ಮುನ್ಸೀಫ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕೋರ್ಟು ಅಂತ ಬೋರ್ಡು ಕಂಡರೆ ಅವರ ಕಾಲು ತಾನಾಗೇ ಆ ಕಡೆ ತಿರುಗುತ್ತದೆ.

ಮಾರ್ಚ್, ಒಂದು ಶುಕ್ರವಾರ: ಒಳಗೆ ಹೋದದ್ದು

ಊರಿನ ನಡುವೆ ಚೌಕ. ಚೌಕದ ಸುತ್ತ ಹಳೆಯ ಅಂಗಡಿ ಸಾಲು. ಚೌಕದ ನಡುವೆ ಕೆನೆ ಬಣ್ಣದ ಸುಣ್ಣಕಲ್ಲಿನ ಮೂರು ಮಹಡಿ ಕಟ್ಟಡ, ಅದರ ತಲೆಯ ಮೇಲೆ ಗಡಿಯಾರದ ಗೋಪುರ. ಗೋಪುರ ಸೇರಿಸಿದರೆ ಏಳು ಮಹಡಿ. ಸುತ್ತ ಹತ್ತಿ ಬೆಳೆದ ಕಪ್ಪುಮಣ್ಣಿನ ಬಯಲು. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ಕೋರ್ಟು ಯಾಕೆ ಅಂತ ಅಪ್ಪ ಕಾರಿನಿಂದ ಇಳಿಯುವ ಮೊದಲೇ ಕೇಳಿದರು.

ಅದಕ್ಕೆ ಉತ್ತರ ಕೌಂಟಿ ಅನ್ನುವ ಪದದಲ್ಲೇ ಇದೆ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಒಂದೊಂದನ್ನೂ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಬಹುದು. ಆದರೆ ಇಲ್ಲಿನ ಕೋರ್ಟು ಕಟ್ಟಡದಲ್ಲಿ ಬರೀ ಕೋರ್ಟು ಇರಲಿಲ್ಲ. ನಮ್ಮಲ್ಲಿ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್, ಮುನ್ಸೀಫ್ ಕೋರ್ಟು ಅಂತ ಬೇರೆ ಬೇರೆ ಕಡೆ ಓಡಾಡುವ ಕೆಲಸವೆಲ್ಲ ಇಲ್ಲಿ ಒಂದೇ ಸೂರಿನ ಕೆಳಗೆ. ಜಮೀನಿನ ಕ್ರಯಪತ್ರ, ಮದುವೆ ಪರವಾನಗಿ, ಹುಟ್ಟು ಸಾವು, ಕಂದಾಯ, ಕೊಲೆ ಕೇಸು, ಎಲ್ಲವೂ. ಕೌಂಟಿಯ ಆಡಳಿತ ನಡೆಸುವ ಮಂಡಳಿಯ ಹೆಸರೂ ‘ಕಮಿಷನರ್ಸ್ ಕೋರ್ಟ್’ ಅಂತಲೇ. ಒಬ್ಬರು ಕೌಂಟಿ ಜಡ್ಜ್, ನಾಲ್ವರು ಕಮಿಷನರ್‌ಗಳು. ಎಲ್ಲರೂ ಓಟಿನಲ್ಲಿ ಗೆದ್ದು ಬಂದವರು. ಕೌಂಟಿ ಜಡ್ಜ್ ವಕೀಲಿ ಓದಿರಲೇಬೇಕು ಅಂತಲೂ ಇಲ್ಲ. ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು.

ಒಳಗೆ ಕ್ಲರ್ಕ್ ಕಚೇರಿಯಲ್ಲಿ ಕ್ರಯಪತ್ರಗಳ ದಪ್ಪ ದಪ್ಪ ಸಂಪುಟಗಳಿದ್ದವು. ಟೆಕ್ಸಸ್‌ನಲ್ಲಿ ಯಾರು ಬೇಕಾದರೂ ಕೇಳಿ ನೋಡಬಹುದಾದ ದಾಖಲೆಗಳು ಅವು. ಅಪ್ಪ ಅಕ್ಷರ ಓದಲಿಲ್ಲ. ಬೈಂಡು ಮುಟ್ಟಿ ನೋಡಿದರು, ಸೂಚಿ ಪುಟ ಎಲ್ಲಿದೆ ಅಂತ ಹುಡುಕಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, “ನೀನು ಗ್ಯಾರೇಜಿನಲ್ಲಿ ಮರ ಕೊಯ್ಯುತ್ತಾ ಇರುತ್ತೀಯಲ್ಲ, ಇದನ್ನು ಕಟ್ಟು. ನಾನಿರುವ ಆರು ತಿಂಗಳಲ್ಲಿ ಮುಗಿಸೋಣ” ಅಂದರು.

ಮರುವಾರ: ಅಳತೆ

ನಕ್ಷೆ ಕೈಯಲ್ಲಿಲ್ಲದೆ ಅಳತೆ ತೆಗೆಯುವುದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬೇರೆ ಯಾವ ಹಳೆ ಕಟ್ಟಡಕ್ಕೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಕೈಗೆ ಸಿಗುವ ಎತ್ತರದಲ್ಲಿ ಕಲ್ಲಿನ ವರಸೆಗಳನ್ನು ಟೇಪಿನಲ್ಲಿ ಅಳೆದೆವು. ಒಂದು ವರಸೆಯ ಎತ್ತರ ಗೊತ್ತಾದರೆ ಉಳಿದದ್ದನ್ನು ಫೋಟೋದಲ್ಲಿ ಎಣಿಸಬಹುದು. ಕೆಲವು ಕಡೆ ವರಸೆ ದಪ್ಪ, ಕೆಲವು ಕಡೆ ತೆಳ್ಳಗೆ, ಹಾಗಾಗಿ ಬರೀ ಇದನ್ನೇ ನಂಬುವ ಹಾಗಿಲ್ಲ. ಅದಕ್ಕೆ ಎರಡನೇ ಅಳತೆಗೋಲು ಅಪ್ಪ. ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪಕ್ಕದಲ್ಲಿ ಒಂದು ಮೀಟರ್ ಕೋಲಿಗೆ ಕೆಂಪು ಟೇಪು ಸುತ್ತಿ ನಿಲ್ಲಿಸಿ, ರಸ್ತೆಯ ಆಚೆ ಬದಿಗೆ ಹೋಗಿ ಜೂಮ್ ಹಾಕಿ ಫೋಟೋ ತೆಗೆದೆ. ಹತ್ತಿರದಿಂದ ತೆಗೆದರೆ ಗೋಡೆ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ, ಮೇಲಿನ ಕಿಟಕಿ ಚಿಕ್ಕದಾಗಿ ಕಾಣುತ್ತದೆ. ದೂರದಿಂದ ತೆಗೆದಷ್ಟೂ ಅಳತೆ ನಿಜಕ್ಕೆ ಹತ್ತಿರ. ನಾಲ್ಕೂ ಬದಿಗೆ ಹೀಗೆ ಮಾಡಿದೆವು.

ಗೋಪುರಕ್ಕೆ ಬೇರೆ ದಾರಿ. ನೆಲದ ಮೇಲೆ ಟೇಪು ಹಿಡಿದು ದೂರ ಅಳೆಯಬೇಕು. ಅಲ್ಲಿ ನಿಂತು ಫೋನಿನ ಕೋನ ಅಳೆಯುವ ಆ್ಯಪಿನಲ್ಲಿ ತುದಿಗೆ ಗುರಿ ಇಡಬೇಕು. ದೂರವನ್ನು ಆ ಕೋನದ ಟ್ಯಾಂಜೆಂಟ್‌ನಿಂದ ಗುಣಿಸಿ, ಕಣ್ಣಿನ ಎತ್ತರ ಸೇರಿಸಿದರೆ ಆಯಿತು. ಮನೆಗೆ ಬಂದು ಲೆಕ್ಕ ಹಾಕಿದರೆ ಗೋಪುರ ಮೊಟಕಾಗಿ ಬಂತು. ಫೋಟೋ ಜೊತೆ ಹೊಂದುವುದೇ ಇಲ್ಲ. ಎರಡು ರಾತ್ರಿ ಅದನ್ನೇ ನೋಡಿದ ಮೇಲೆ ತಪ್ಪು ಹೊಳೆಯಿತು. ನಾನು ದೂರ ಅಳೆದದ್ದು ಮುಂದಿನ ಗೋಡೆಯವರೆಗೆ. ಗೋಪುರ ಇರುವುದು ಕಟ್ಟಡದ ನಡುವೆ. ಕಟ್ಟಡದ ಅರ್ಧ ಆಳವನ್ನೂ ಆ ದೂರಕ್ಕೆ ಸೇರಿಸಬೇಕಿತ್ತು. ಸೇರಿಸಿದ ಮೇಲೆ ಫೋಟೋ, ಲೆಕ್ಕ ಎರಡೂ ಕೂಡಿ ಬಂದವು. ನೀವು ಯಾರಾದರೂ ಚರ್ಚು, ಮಸೀದಿ, ಅರಮನೆ ಅಂತ ಅಳೆಯಲು ಹೊರಟರೆ ಇದನ್ನು ಮರೆಯಬೇಡಿ.

ಅಪ್ಪ ಒಂದು ನೋಟ್ ಪುಸ್ತಕ ಮಾಡಿದರು. ಪ್ರತಿ ಅಳತೆಗೂ ತಾರೀಖು, ಯಾವ ಬದಿ, ಯಾರು ಅಳೆದರು, ಯಾವ ಫೋಟೋ. ಆಗ ಅದು ಜಾಸ್ತಿ ಆಯಿತು ಅನಿಸಿತ್ತು.

ಏಪ್ರಿಲ್: ಗೋಡೆ

ಗೋಡೆ ಕೊಯ್ಯುವ ಮೊದಲು ಯಾವ ವರ್ಷದ ಕೋರ್ಟನ್ನು ಕಟ್ಟುತ್ತೇವೆ ಅಂತ ತೀರ್ಮಾನ ಆಗಬೇಕಿತ್ತು. ಹಾಗಾಗಿ ರಾತ್ರಿ ಊಟ ಆದ ಮೇಲೆ ಇತಿಹಾಸ ಓದಲು ಶುರು ಮಾಡಿದೆವು.

ಹಿಲ್ ಕೌಂಟಿ ಹುಟ್ಟಿದ್ದು 1853ರಲ್ಲಿ. ಹೆಸರು ಜಾರ್ಜ್ ವಾಷಿಂಗ್ಟನ್ ಹಿಲ್ ಅನ್ನುವವರದು. ಮೊದಲ ಕೋರ್ಟು ಮರದ ದಿಮ್ಮಿಗಳ ಗುಡಿಸಲು. 1881 ಎರಡು ಕಾರಣಕ್ಕೆ ಮುಖ್ಯವಾದ ವರ್ಷ. ಆ ವರ್ಷ ಕೇಟಿ ಅಂತ ಜನ ಕರೆಯುತ್ತಿದ್ದ ರೈಲು ಹಿಲ್ಸ್‌ಬರೋಗೆ ಬಂತು, ಹತ್ತಿ ಸಾಗಿಸಲು ದಾರಿ ಆಯಿತು. ಅದೇ ವರ್ಷ ಟೆಕ್ಸಸ್ ಶಾಸನಸಭೆ, ಕೌಂಟಿಗಳು ಬಾಂಡ್ ಮಾರಿ ಸಾಲ ಎತ್ತಿ ಕೋರ್ಟು ಕಟ್ಟಿಕೊಳ್ಳಬಹುದು ಅಂತ ಕಾನೂನು ಮಾಡಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಟೆಕ್ಸಸ್ ತುಂಬ ಕಲ್ಲಿನ ಕೋರ್ಟುಗಳು ಎದ್ದವು. ದುಡ್ಡಿತ್ತು, ಕಲ್ಲು ತರಲು ರೈಲಿತ್ತು, ಪಕ್ಕದ ಕೌಂಟಿಗಿಂತ ನಮ್ಮದು ಚೆನ್ನಾಗಿರಬೇಕು ಅನ್ನುವ ಛಲವೂ ಇತ್ತು.

ಹಿಲ್ ಕೌಂಟಿ ಕರೆಸಿದ್ದು ವೇಕೋದ ವಾಸ್ತುಶಿಲ್ಪಿ ವೆಸ್ಲಿ ಕ್ಲಾರ್ಕ್ ಡಾಡ್ಸನ್ ಅವರನ್ನು. ವೆದರ್‌ಫರ್ಡ್, ಲ್ಯಾಂಪಾಸಸ್, ಗ್ರ್ಯಾನ್‌ಬರಿ ಊರುಗಳ ಕೋರ್ಟುಗಳೂ ಅವರ ಕೆಲಸವೇ. ಹಿಲ್ಸ್‌ಬರೋ ಕೋರ್ಟು ಮುಗಿದದ್ದು 1890ರಲ್ಲಿ. ಶೈಲಿ ಪ್ಯಾರಿಸ್‌ನದು. ಮೂರನೇ ನೆಪೋಲಿಯನ್ ಕಾಲದಲ್ಲಿ ಅಲ್ಲಿ ಬೆಳೆದ ಸೆಕೆಂಡ್ ಎಂಪೈರ್ ಶೈಲಿ, ಜೊತೆಗೆ ಸ್ವಲ್ಪ ಇಟಲಿ. ಅಮೆರಿಕದ ದೊಡ್ಡ ಊರುಗಳಲ್ಲಿ ಅದು ಆ ಹೊತ್ತಿಗೆ ಹಳೆಯದಾಗಿತ್ತು. ಹತ್ತಿ ಬಯಲಿನ ರೈತರಿಗೆ ಮಾತ್ರ ಅದೇ ಗೌರವದ ಉಡುಗೆ. ನನಗೆ ಅವರ ಆಯ್ಕೆ ತುಂಬಾ ಇಷ್ಟ. ಜಮೀನು ನೋಂದಾಯಿಸಲು ಗಾಡಿ ಕಟ್ಟಿಕೊಂಡು ಬರುವ ರೈತನಿಗೆ ದೂರದಿಂದಲೇ ಗೋಪುರ ಕಾಣಬೇಕು, ಗಂಟೆ ಎಷ್ಟಾಯಿತು ಅಂತ ತಿಳಿಯಬೇಕು. ಕೈಗಡಿಯಾರ ಎಷ್ಟು ಜನರ ಹತ್ತಿರ ಇತ್ತು?

1890ರ ರೂಪವನ್ನೇ ಕಟ್ಟುವುದು ಅಂತಾಯಿತು. ಈಗ ನಿಂತಿರುವ ಕಟ್ಟಡದ ರೂಪವೂ ಅದೇ, ಯಾಕೆ ಅಂತ ಮುಂದೆ ಬರುತ್ತದೆ.

ಗೋಡೆಗೆ 3 ಮಿಲಿಮೀಟರ್ ಬರ್ಚ್ ಪ್ಲೈವುಡ್. ನಮ್ಮೂರಿನ ಸಾರ್ವಜನಿಕ ಲೈಬ್ರರಿಯಲ್ಲಿ ಲೇಸರ್ ಕಟಿಂಗ್ ಯಂತ್ರವಿದೆ, ಸಮಯ ಕಾದಿರಿಸಿಕೊಂಡು ಹೋಗಬಹುದು. ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಬಳಸಿ ನಾಲ್ಕೂ ಮುಖ ಬರೆದೆ. ಕಲ್ಲಿನ ಸಂದುಗಳನ್ನು ತೆಳು ಗೆರೆಯಾಗಿ ಕೊರೆಯಿಸಿದೆ. ಮೊದಲ ಹಾಳೆ ಕೆಟ್ಟಿತು. ಗೆರೆ ತುಂಬಾ ಆಳಕ್ಕೆ ಹೋಗಿ ಕಪ್ಪಗೆ ಸುಟ್ಟು, ಸುಣ್ಣಕಲ್ಲಿನ ಗೋಡೆ ಹೋಗಿ ಹಂಚಿನ ನೆಲದ ಹಾಗೆ ಕಂಡಿತು. ಎರಡನೇ ಹಾಳೆಗೆ ಶಕ್ತಿ ಅರ್ಧ ಇಳಿಸಿ, ವೇಗ ಹೆಚ್ಚಿಸಿದೆ. ಗೆರೆ ಉಗುರಿಗೆ ತಾಗುವಷ್ಟು ಮಾತ್ರ ಬಂತು. ಅಷ್ಟು ಸಾಕು.

ಆಮೇಲೆ ಬಣ್ಣ ಹಚ್ಚಿದೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಗೋಡೆ ಬಿಲ್ಲಿನ ಹಾಗೆ ಬಾಗಿದ್ದವು. ಒಂದೇ ಬದಿಗೆ ಬಣ್ಣ ಹಚ್ಚಿದರೆ ಆ ಬದಿ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಎಳೆಯುತ್ತದೆ, ಹಿಂಬದಿ ಹಾಗೇ ಇರುತ್ತದೆ. ಸರಿಮಾಡಿದ್ದು ಹೀಗೆ. ಹಿಂಬದಿಗೂ ಅಷ್ಟೇ ಬಣ್ಣ ಹಚ್ಚಿದೆ. ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು, ಮೇಲೆ ಹದಿನೈದು ಕೆಜಿ ಅಕ್ಕಿ ಚೀಲ ಹೇರಿ ಎರಡು ರಾತ್ರಿ ಬಿಟ್ಟೆ. ಚಪ್ಪಟೆ ಆದ ಮೇಲೆ ಒಳಬದಿಗೆ ಅರ್ಧ ಇಂಚಿನ ಮರದ ಪಟ್ಟಿಗಳನ್ನು ಅಡ್ಡ ಉದ್ದ ಅಂಟಿಸಿದೆ. ಮತ್ತೆ ಬಾಗಲಿಲ್ಲ. ಮೊದಲೇ ಪಟ್ಟಿ ಅಂಟಿಸಿ ಆಮೇಲೆ ಬಣ್ಣ ಹಚ್ಚಿದ್ದರೆ ಎರಡು ದಿನ ಉಳಿಯುತ್ತಿತ್ತು.

ಬಣ್ಣ ಒಂದೇ ಥರ ಬಳಿಯಬಾರದು. ಮೊದಲು ಕೆನೆ ಬಣ್ಣ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲಿಗೆ ಸ್ವಲ್ಪ ಹಳದಿ, ಸ್ವಲ್ಪ ಬೂದು. ಕೊನೆಗೆ ಕಂದು ಬಣ್ಣವನ್ನು ತುಂಬಾ ನೀರು ಮಾಡಿ ಬಳಿದು ತಕ್ಷಣ ಬಟ್ಟೆಯಲ್ಲಿ ಒರೆಸಿದರೆ ಸಂದುಗಳಲ್ಲಿ ಮಾತ್ರ ಉಳಿಯುತ್ತದೆ. ಅಪ್ಪ ಒರೆಸಿದ ಗೋಡೆ ನಾನು ಒರೆಸಿದ್ದಕ್ಕಿಂತ ಚೆನ್ನಾಗಿ ಬಂದಿದೆ. ಅದನ್ನೇ ಮುಂಬದಿಗೆ ಇಟ್ಟಿದ್ದೇನೆ.

ಕಿಟಕಿಗಳಿಗೆ ಮೂರು ವಾರ ಹಿಡಿಯಿತು. ದಪ್ಪ ಕಾಗದದಲ್ಲಿ ಕೊಯ್ದ ಚೌಕಟ್ಟು, ಹಿಂದೆ ಪಾರದರ್ಶಕ ಹಾಳೆ. ಹೇಳುವಂಥದ್ದು ಹೆಚ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

ಮೇ: ಚಾವಣಿ ಬೇರೆ, ಗೋಡೆ ಬೇರೆ

1993ರ ಹೊಸ ವರ್ಷದ ದಿನ, ಜನವರಿ 1ರಂದು, ಈ ಕೋರ್ಟಿಗೆ ಬೆಂಕಿ ಬಿತ್ತು. ಚಾವಣಿ ಹೋಯಿತು. ಗಡಿಯಾರದ ಗೋಪುರ ಹೋಯಿತು. ಒಳಗಿನ ಮರಗೆಲಸ ಹೋಯಿತು. ಕಲ್ಲಿನ ಗೋಡೆಗಳು ನಿಂತೇ ಇದ್ದವು. ನೂರು ವರ್ಷ ದಾಟಿದ ಕಟ್ಟಡ ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದ ಫೋಟೋ ನೋಡಿದಾಗ ಅಪ್ಪ ಮೊದಲು ಕೇಳಿದ್ದು ಒಂದೇ, “ರೆಕಾರ್ಡ್ ರೂಮು ಎಲ್ಲಿತ್ತು?”

ಅವರಿಗೆ ಯಾಕೆ ಹಾಗನಿಸಿತು ಅಂತ ನನಗೆ ಗೊತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು, ಗೆದ್ದಲು, ಮಳೆಗಾಲದ ಸೋರಿಕೆ. ಇವುಗಳ ನಡುವೆ ಅವರ ಕೆಲಸದ ವರ್ಷಗಳು ಕಳೆದಿವೆ. ಅಮೆರಿಕದ ಹಳ್ಳಿಗಾಡಿನಲ್ಲೂ ಕೋರ್ಟು ಸುಟ್ಟರೆ ಜನ ಹೆದರುತ್ತಿದ್ದದ್ದು ಅದಕ್ಕೇ. ಕ್ರಯಪತ್ರ ಸುಟ್ಟರೆ ಈ ಹೊಲ ಯಾರದು ಅಂತ ಹೇಳುವವರಿಲ್ಲ. ಆ ಕಾಲದ ಎಷ್ಟೋ ಕೋರ್ಟುಗಳಲ್ಲಿ ಕಬ್ಬಿಣದ ಬಾಗಿಲಿನ ದಾಖಲೆ ಕೋಣೆ ಇಡುತ್ತಿದ್ದರು. ಕಲ್ಲು, ಇಟ್ಟಿಗೆಗೆ ಅಷ್ಟು ದುಡ್ಡು ಸುರಿದದ್ದರಲ್ಲೂ ಆ ಹೆದರಿಕೆಯ ಪಾಲಿದೆ.

ಇದನ್ನೆಲ್ಲ ಮಾತಾಡಿದ ಮೇಲೆ ಮಾದರಿಯನ್ನು ಎರಡು ತುಂಡಾಗಿ ಕಟ್ಟಬೇಕು ಅನ್ನುವುದು ಸ್ಪಷ್ಟವಾಯಿತು. ಕೆಳಗಿನ ತುಂಡು ಗೋಡೆಗಳು. ಮೇಲಿನ ತುಂಡು ಚಾವಣಿ ಮತ್ತು ಗೋಪುರ, ಪೆಟ್ಟಿಗೆಯ ಮುಚ್ಚಳದ ಹಾಗೆ ಎತ್ತಿ ಇಡಬಹುದು. ಬೆಂಕಿ ಎಲ್ಲಿ ಬೇರೆ ಮಾಡಿತೋ ಅಲ್ಲೇ ನಮ್ಮ ಮಾದರಿಯೂ ಬೇರೆಯಾಗಬೇಕು. ಎತ್ತಿದರೆ ಒಳಗಿನ ಕೋರ್ಟು ಹಾಲ್ ಕಾಣಬೇಕು.

ಚಾವಣಿಯ ಬದಿಗಳು ಕಡಿದಾಗಿ ಎದ್ದಿವೆ. ಮ್ಯಾನ್ಸಾರ್ಡ್ ಅಂತಾರೆ, ಫ್ರಾನ್ಸಿನ ಫ್ರಾನ್ಸ್ವಾ ಮ್ಯಾನ್ಸಾರ್ ಹೆಸರಿನಿಂದ ಬಂದ ಪದ. ಇಲ್ಲಿ ಎರಡನೇ ದೊಡ್ಡ ತಪ್ಪು ಮಾಡಿದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಚಾವಣಿಯ ಎತ್ತರ ನನ್ನ ಅಳತೆಗೆ 48 ಮಿಲಿಮೀಟರ್ ಬಂತು. 48ಕ್ಕೇ ಹಲಗೆ ಕೊಯ್ದೆ. ಆದರೆ ಅದು ನೆಟ್ಟಗಿನ ಎತ್ತರ. ಹಲಗೆ ಒಳಕ್ಕೆ ವಾಲಿರುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವಷ್ಟರಲ್ಲಿ 14 ಮಿಲಿಮೀಟರ್ ಒಳಗೆ ಸರಿದಿರುತ್ತದೆ. 48ರ ವರ್ಗ 2304, 14ರ ವರ್ಗ 196, ಕೂಡಿದರೆ 2500, ಅದರ ವರ್ಗಮೂಲ 50. ಹಲಗೆ 50 ಇರಬೇಕಿತ್ತು. ಮೂಲೆಯ ಓರೆ ಅಂಚು ಎರಡೂ ಕಡೆಗೆ ಸರಿಯುವುದರಿಂದ ಇನ್ನೂ ಉದ್ದ, ಸುಮಾರು 52. ಎರಡು ಮಿಲಿಮೀಟರ್ ಏನು ಮಹಾ ಅನಿಸಬಹುದು. ಆದರೆ ಎಲ್ಲ ಹಲಗೆಯೂ ಗಿಡ್ಡವಾಗಿ, ಚಾವಣಿ ಕುಳ್ಳಾಗಿ, ಅದರ ಮೇಲೆ ಕೂರುವ ಗೋಪುರದ ಬುಡ ತೇಲಿತು. ಎಲ್ಲ ಬಿಚ್ಚಿ ಹೊಸದಾಗಿ ಕೊಯ್ದೆ. ಈ ಸಲ ಮೊದಲು ತಿಂಡಿ ಡಬ್ಬದ ರಟ್ಟಿನಲ್ಲಿ ಕೊಯ್ದು, ಮಡಚಿ, ಟೇಪು ಹಾಕಿ ನೋಡಿ, ಆಮೇಲೆ ಬಾಸ್‌ವುಡ್ ಹಲಗೆಗೆ ಕೈ ಹಾಕಿದೆ. ಮೂಲೆಗಳ ಒಳಗೆ ತ್ರಿಕೋನದ ಪಟ್ಟಿ ಅಂಟಿಸಿದ್ದರಿಂದ ಗಟ್ಟಿಯಾಗಿ ನಿಂತಿದೆ.

ಜೂನ್: ಗೋಪುರ

ಗೋಪುರ ಅಂದರೆ ಒಂದರ ಮೇಲೊಂದು ಇಟ್ಟ ಡಬ್ಬಿಗಳು. ಮೇಲೆ ಹೋದ ಹಾಗೆ ಚಿಕ್ಕದಾಗುತ್ತವೆ. ಪ್ರತಿ ಡಬ್ಬಿಯ ತಳದಲ್ಲಿ ನಡುವೆ 6 ಮಿಲಿಮೀಟರ್ ತೂತು ಕೊರೆದು, ಎಲ್ಲಕ್ಕೂ ಸೇರಿ ಒಂದೇ ಮರದ ಕಡ್ಡಿ ತೂರಿಸಿದೆ. ಬೆನ್ನೆಲುಬಿನ ಹಾಗೆ. ಮೂಲೆಮಟ್ಟ ಇಟ್ಟು ನೋಡಿ ಅಂಟಿಸಿದೆ. ಒಣಗಿದ ಮೇಲೆ ಮೇಜಿನ ಆ ಬದಿಯಿಂದ ಮಗಳು, “ಅಜ್ಜಾ, ಅದು ವಾಲಿದೆ” ಅಂದಳು. ದಾರಕ್ಕೆ ಭಾರದ ನಟ್ಟು ಕಟ್ಟಿ ತೂಗುಬಿಟ್ಟು ನೋಡಿದೆವು. ತುದಿಯಲ್ಲಿ 2 ಮಿಲಿಮೀಟರ್ ಪಶ್ಚಿಮಕ್ಕೆ ಸರಿದಿತ್ತು. ನಿಜವಾದ ಕಟ್ಟಡದ ಲೆಕ್ಕದಲ್ಲಿ ಅದು ಅರ್ಧ ಅಡಿಗಿಂತ ಜಾಸ್ತಿ.

ಕಾರಣ ಕಡ್ಡಿಯೇ. ಅಂಗಡಿಯಲ್ಲಿ ಸಿಗುವ ಉದ್ದ ಕಡ್ಡಿಗಳು ಎಷ್ಟೋ ಸಲ ಸ್ವಲ್ಪ ಬಾಗಿರುತ್ತವೆ. ಗಾಜಿನ ಮೇಲೆ ಉರುಳಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಬಿಳಿ ಅಂಟು ಆದ್ದರಿಂದ ಬಚಾವು. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಂದುಗಳಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ತೆಳು ಬ್ಲೇಡು ತೂರಿಸಿ ಬಿಡಿಸಿದೆ. ಮರದ ಕಡ್ಡಿ ತೆಗೆದು ಹಿತ್ತಾಳೆ ಕೊಳವೆ ಹಾಕಿದೆ. ಈಗ ದಾರ ಮತ್ತು ಗೋಪುರ ಒಂದೇ ಗೆರೆಯಲ್ಲಿವೆ.

ನಿಜವಾದ ಗೋಪುರ ಮತ್ತೆ ಎದ್ದದ್ದು ಹೇಗೆ ಅನ್ನುವುದನ್ನು ಇಲ್ಲಿ ಹೇಳಬೇಕು. ಗಾಯಕ ವಿಲ್ಲಿ ನೆಲ್ಸನ್ ಹುಟ್ಟಿದ್ದು ಇದೇ ಕೌಂಟಿಯ ಆ್ಯಬಟ್ ಅನ್ನುವ ಪುಟ್ಟ ಊರಿನಲ್ಲಿ, 1933ರಲ್ಲಿ. ಬೆಂಕಿ ಬಿದ್ದ ಮೇಲೆ ಕೋರ್ಟಿಗಾಗಿ ಹಣ ಸೇರಿಸಲು ಅವರು ಹಾಡಿದರು. ಆರು ವರ್ಷ ಕೆಲಸ ನಡೆದು 1999ರಲ್ಲಿ ಕೋರ್ಟು ಮತ್ತೆ ತೆರೆಯಿತು, ಹಳೆಯ ರೂಪದಲ್ಲೇ. ಅದಕ್ಕೆ ಹಿಂದಿನ ವರ್ಷ, 1998ರಲ್ಲಿ, ಹಳೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಅಮೆರಿಕದ ನ್ಯಾಷನಲ್ ಟ್ರಸ್ಟ್ ಸಂಸ್ಥೆ ತನ್ನ ಅಪಾಯದಲ್ಲಿರುವ ಜಾಗಗಳ ಪಟ್ಟಿಯಲ್ಲಿ ಟೆಕ್ಸಸ್‌ನ ಹಳೆ ಕೋರ್ಟುಗಳನ್ನು ಸೇರಿಸಿತ್ತು. 1999ರಲ್ಲಿ ರಾಜ್ಯ ಸರ್ಕಾರ ಕೋರ್ಟುಗಳ ದುರಸ್ತಿಗೇ ಒಂದು ಯೋಜನೆ ಮಾಡಿ 5 ಕೋಟಿ ಡಾಲರ್ ಇಟ್ಟಿತು. ಆ ಯೋಜನೆಯಲ್ಲಿ ಮೊದಲು ಮುಗಿದದ್ದು ಆಲ್ಬನಿ ಅನ್ನುವ ಊರಿನ ಶ್ಯಾಕಲ್‌ಫರ್ಡ್ ಕೌಂಟಿ ಕೋರ್ಟು, 2001ರಲ್ಲಿ.

ಇನ್ನೊಂದು ಕೋರ್ಟಿನ ವಿಷಯ ನನ್ನನ್ನು ತುಂಬಾ ತಟ್ಟಿತು. ಮೇಸನ್ ಕೌಂಟಿಯ ಕೋರ್ಟು 1910ರ ಸುಮಾರಿನದು. ದುರಸ್ತಿಗೆ ಅಂತ ಕಟ್ಟಡ ಖಾಲಿ ಮಾಡಿದ್ದರು, ನಕ್ಷೆಗಳು ತಯಾರಾಗಿದ್ದವು. 2021ರ ಫೆಬ್ರವರಿಯಲ್ಲಿ ಯಾರೋ ಬೆಂಕಿ ಇಟ್ಟರು. ಅಲ್ಲೂ ಗೋಡೆಗಳು ಉಳಿದವು. ಅದನ್ನೂ ಮತ್ತೆ ಕಟ್ಟಿದರು. ದುಡ್ಡು ಆಮೇಲೆ ಬಂದರೂ ಪರವಾಗಿಲ್ಲ. ಆದರೆ ಕಂಬ ಎಷ್ಟು ದಪ್ಪ, ಕಟಕಟೆ ಎಷ್ಟು ಎತ್ತರ ಅಂತ ಮೊದಲೇ ಯಾರಾದರೂ ಬರೆದಿಟ್ಟಿರಬೇಕು. ಇದನ್ನು ಓದಿದ ದಿನ ಅಪ್ಪನ ನೋಟ್ ಪುಸ್ತಕವನ್ನು ಬೇರೆ ಕಣ್ಣಿಂದ ನೋಡಿದೆ.

ನಿಮಗೂ ಇಂಥ ಕೆಲಸಕ್ಕೆ ಫೋಟೋ ಬೇಕಿದ್ದರೆ ಒಂದು ಮಾತು. 1970ರ ದಶಕದಲ್ಲಿ ಸೀಗ್ರಾಮ್ ಕಂಪನಿಯ ಖರ್ಚಿನಲ್ಲಿ 24 ಜನ ಫೋಟೋಗ್ರಾಫರ್‌ಗಳು ಅಮೆರಿಕದ ಸಾವಿರಕ್ಕೂ ಹೆಚ್ಚು ಕೌಂಟಿ ಕೋರ್ಟುಗಳ ಚಿತ್ರ ತೆಗೆದರು. ಅದು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಮೊದಲು ಅಲ್ಲಿ ಹುಡುಕಿ.

ಜುಲೈ: ಕೋರ್ಟು ಹಾಲ್

ಒಳಗೆ ಎಲ್ಲ ಕೋಣೆ ಮಾಡಲಿಲ್ಲ. ಜಿಲ್ಲಾ ಕೋರ್ಟಿನ ಹಾಲ್ ಒಂದೇ. ಎರಡು ಮಹಡಿ ಎತ್ತರದ ಹಾಲ್, ಮೇಲೆ ಬಾಲ್ಕನಿ. ಬಾಲ್ಕನಿ ಕಂಬಗಳಿಗೆ ಹಲ್ಲುಕಡ್ಡಿ ಸಾಕಾಯಿತು. ಬೆಂಚುಗಳಿಗೆ ಐಸ್‌ಕ್ರೀಮ್ ಕಡ್ಡಿ ಸೀಳಿ ಬಳಸಿದೆವು.

1932ರಲ್ಲಿ ಹಿಲ್ಸ್‌ಬರೋದ ಅಂಗಡಿ ಮಾಲೀಕರೊಬ್ಬರನ್ನು ಕೊಂದರು. ಬಾನಿ ಮತ್ತು ಕ್ಲೈಡ್ ಅನ್ನುವ ದರೋಡೆಕೋರ ಜೋಡಿಯ ಗುಂಪಿನ ರೇಮಂಡ್ ಹ್ಯಾಮಿಲ್ಟನ್ ಮೇಲೆ ಆ ಕೇಸು ನಡೆದದ್ದು ಈ ಊರಿನಲ್ಲೇ. ಅಪ್ಪನಿಗೆ ಆ ಕಥೆಗಿಂತ ಹಾಲಿನ ಜೋಡಣೆ ಮುಖ್ಯ. ಜ್ಯೂರಿ ಎಲ್ಲಿ ಕೂರುತ್ತದೆ, ಸಾಕ್ಷಿ ಯಾರ ಕಡೆ ಮುಖ ಮಾಡುತ್ತಾನೆ, ಕ್ಲರ್ಕ್ ಮೇಜು ಜಡ್ಜ್‌ಗೆ ಎಷ್ಟು ಹತ್ತಿರ. ನಮ್ಮ ಕೋರ್ಟುಗಳಲ್ಲಿ ಜ್ಯೂರಿ ಇಲ್ಲ. ಹಾಗಾಗಿ ಹನ್ನೆರಡು ಕುರ್ಚಿಗಳನ್ನು ಅವರೇ ಮಾಡಿದರು, ತುಂಬಾ ನಿಧಾನವಾಗಿ.

ಬಾಲ್ಕನಿ ಬಗ್ಗೆ ಮಗಳಿಗೆ ಹೇಳುವುದು ಕಷ್ಟವಾಯಿತು. ಅಮೆರಿಕದ ದಕ್ಷಿಣದ ಎಷ್ಟೋ ಕೋರ್ಟುಗಳಲ್ಲಿ, ಬಣ್ಣದ ಹೆಸರಿನಲ್ಲಿ ಜನರನ್ನು ಬೇರೆ ಮಾಡಿದ್ದ ಕಾಲದಲ್ಲಿ, ಕಪ್ಪು ಜನರನ್ನು ಮೇಲಿನ ಬಾಲ್ಕನಿಗೇ ಕಳಿಸುತ್ತಿದ್ದರು. ನ್ಯಾಯದ ಮನೆಯಲ್ಲೇ ಹೀಗೆ. ಅವಳು ಕೇಳಿಸಿಕೊಂಡಳು. ಬಾಲ್ಕನಿಗೆ ಹೋಗುವ ಮೆಟ್ಟಿಲನ್ನು ಮಾಡಲು ಮರೆಯಬೇಡಿ ಅಂದಳು. ನಾನು ನಿಜವಾಗಿ ಮರೆತಿದ್ದೆ. ಒಂದೂವರೆ ಮಿಲಿಮೀಟರ್ ಹಲಗೆಯ ತುಂಡುಗಳನ್ನು ಒಂದರ ಮೇಲೊಂದು ಜರುಗಿಸಿ ಅಂಟಿಸಿ ಮೆಟ್ಟಿಲು ಮಾಡಿದೆ.

ಆಗಸ್ಟ್: ಗಡಿಯಾರ, ಕಡತ

ಗೋಪುರದ ನಾಲ್ಕೂ ಮುಖಕ್ಕೆ ಒಂದೊಂದು ಗಡಿಯಾರ. ಅಂಕಿಗಳನ್ನು ಹೊಳಪಿನ ಕಾಗದದ ಮೇಲೆ ಪ್ರಿಂಟ್ ಮಾಡಿಸಿದೆ. ಮುಳ್ಳುಗಳಿಗೆ ಹಳೆ ಗಿಟಾರ್ ತಂತಿ. ಮುಳ್ಳು ಎಷ್ಟು ಗಂಟೆ ತೋರಿಸಬೇಕು ಅಂತ ಕೇಳಿದರೆ ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. “ಹನ್ನೊಂದು. ಸಾಹೇಬರು ಬಂದು ಕೂರುವ ಹೊತ್ತು. ಜವಾನ ಹೊರಗೆ ನಿಂತು ಮೊದಲ ಕೇಸು ಕೂಗುವ ಹೊತ್ತು.” ಉತ್ತರ, ದಕ್ಷಿಣ, ಪೂರ್ವ ಮೂರೂ ಹನ್ನೊಂದು ಗಂಟೆಗೆ ನಿಂತಿವೆ. ನಾಲ್ಕನೆಯದಕ್ಕೆ ತಂತಿ ಮುಗಿಯಿತು.

ಚಾವಣಿ ಗೋಡೆಯ ಮೇಲೆ ಕೂತಾಗ ಒಂದು ಕೂದಲೆಳೆ ಗೆರೆ ಕಾಣುತ್ತದೆ. ಪುಟ್ಟಿ ತುಂಬಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಮುಂದಿನ ಮೆಟ್ಟಿಲ ಹತ್ತಿರ ಐದೂವರೆ ನೂಲಿನ ಅಪ್ಪನನ್ನು ನಿಲ್ಲಿಸಿದ್ದೇನೆ, ಕೈಯಲ್ಲಿ ಕೆಂಪು ಟೇಪಿನ ಕೋಲು. ಗುಂಡುಸೂಜಿಯ ಕಡ್ಡಿ ಅದು.

ಹೊರಡುವ ಹಿಂದಿನ ರಾತ್ರಿ ಅಪ್ಪ ಎಲ್ಲ ಕಾಗದ ಹರಡಿಕೊಂಡು ಕೂತರು. ಅಳತೆಯ ಪುಟಗಳು, ಫೋಟೋಗಳು, ರಟ್ಟಿನ ಮಾದರಿಗಳು, ಕೆಟ್ಟ ಮೊದಲ ಹಾಳೆಯ ಒಂದು ತುಂಡು ಕೂಡ. ದಬ್ಬಣ ಇರಲಿಲ್ಲ, ನನ್ನ ಚರ್ಮ ಹೊಲಿಯುವ ಸೂಜಿ ಕೊಟ್ಟೆ. ಎಡಗಡೆ ಮೂರು ತೂತು ಮಾಡಿ ದಾರ ಪೋಣಿಸಿ ಗಂಟು ಹಾಕಿದರು. ಪ್ರತಿ ಪುಟಕ್ಕೂ ಮೂಲೆಯಲ್ಲಿ ಅಂಕಿ ಹಾಕಿದರು. ಮೊದಲ ಪುಟದಲ್ಲಿ ಸೂಚಿ ಬರೆದರು: ಗೋಡೆ, ಕಿಟಕಿ, ಚಾವಣಿ, ಗೋಪುರ, ಹಾಲ್. ಅಮ್ಮನ ಹಳೆಯ ಕೆಂಪು ರವಿಕೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಸೂಚಿಯ ಕೊನೆಯ ಸಾಲು ಅವರ ಅಕ್ಷರದಲ್ಲೇ ಇದೆ. ‘ಪಶ್ಚಿಮದ ಗಡಿಯಾರ, ಮುಳ್ಳು: ಬಾಕಿ.’